ಸೋದರಮಾವ ತಿಂದ ಎಲೆ

೧೯೮೬ ನವೆಂಬರ್ ೨, ಭಾನುವಾರ
ರಾಯಚೂರು

ಇವತ್ತಿನ ಉಪನ್ಯಾಸಕ್ಕೆ ನೂರಾ ಹನ್ನೆರಡು ಜನ. ಎಣಿಸಿದವರು ಸತ್ತಾರ್ ಸಾಬ್, ಹಾಗಾಗಿ ಹತ್ತು ತಲೆ ಕಳೆದರೂ ನೂರರ ಮೇಲಾಯಿತು. 'ಮುಫತ್ತು' ಎಂದು ಬರೆದ ಬೋರ್ಡು ನೋಡಿ ಫ್ಯಾನಿನ ಗಾಳಿಗೆ ಬಂದವರು ಅರ್ಧ ಇರಬಹುದು. ಇರಲಿ, ಬಂದವರು ಯಾರೂ ನಡುವೆ ಎದ್ದು ಹೋಗಲಿಲ್ಲ.

'ಮನುಷ್ಯ ಎಲ್ಲಿಂದ ಬಂದ, ಮನಸ್ಸು ಎಲ್ಲಿಂದ ಬಂತು' ಎಂಬ ಹೆಸರು ನಾನೇ ಇಟ್ಟದ್ದು. ಮೊದಲ ಅರ್ಧಕ್ಕೆ ಸ್ಲೈಡುಗಳಿವೆ: ದವಡೆ, ತಲೆಬುರುಡೆ, ಕಲ್ಲಿನ ಕೊಡಲಿ, ನಮ್ಮೆಲ್ಲರ ಹಿರೀಕರು ಆಫ್ರಿಕಾದಿಂದ ನಡೆದು ಬಂದ ದಾರಿ. ಟೂರಿಂಗ್ ಟಾಕೀಸಿನಲ್ಲಿ ಇಪ್ಪತ್ತು ವರ್ಷ ರೀಲು ಓಡಿಸಿದ ಸತ್ತಾರ್ ಸಾಬರೇ ನಮ್ಮ ವಿಜ್ಞಾನ ಗೆಳೆಯರ ಬಳಗದ ಸ್ಲೈಡ್ ಯಂತ್ರಕ್ಕೂ ಯಜಮಾನರು. ಸ್ಲೈಡು ಕಂಡರೆ ಅವರಿಗೆ ಬೇಸರ. ಒಂದೂ ಅಲುಗಾಡುವುದಿಲ್ಲವಂತೆ, ಹಾಡಂತೂ ಇಲ್ಲವೇ ಇಲ್ಲವಂತೆ.

ಎರಡನೇ ಅರ್ಧ, ಅಂದರೆ ಮನಸ್ಸಿನ ಭಾಗ, ಬರೀ ನನ್ನ ಬಾಯಿಯ ಮೇಲೆ ನಡೆಯಬೇಕು. ಜನ ಆಕಳಿಸತೊಡಗಿದಾಗ ನಾಲ್ಕನೇ ಉದಾಹರಣೆ ತೆಗೆದೆ. ನನಗೆ ಗೊತ್ತಿರುವ ಒಬ್ಬ ಹೆಂಗಸು. ವಿಧವೆ, ಅಕ್ಷರ ಬಾರದು, ಮನೆಯಲ್ಲಿ ಅವಳ ಮಾತಿಗೆ ಕಿಮ್ಮತ್ತಿಲ್ಲ. ಮಂಗಳವಾರ ಮಾತ್ರ ಅವಳ ಮೈಮೇಲೆ ಅಮ್ಮ ಬರುತ್ತಾಳೆ. ಬರುವ ಮೊದಲು ಅಮ್ಮನಿಗೆ ತಾಮ್ರದ ಚೊಂಬಿನಲ್ಲಿ ಉಪ್ಪು ಹಾಕಿದ ಮಜ್ಜಿಗೆ ಆಗಬೇಕು. ಆಮೇಲೆ ಅದೇ ಮನೆಯ ಗಂಡಸರು ಕೈಕಟ್ಟಿ ನಿಂತು ಅವಳ ಮಾತು ಕೇಳುತ್ತಾರೆ. ಮೂರು ವರ್ಷದ ಹಿಂದೆ ಅಮ್ಮ ಕೊಟ್ಟ ಅಪ್ಪಣೆ ಏನು ಗೊತ್ತೇ ಎಂದು ಕೇಳಿ ಸ್ವಲ್ಪ ತಡೆದೆ. ಮನೆಯ ಹುಡುಗಿ ಹತ್ತನೇ ಕ್ಲಾಸು ಪಾಸಾಗುವ ತನಕ ಮದುವೆ ಮಾಡಬೇಡಿ ಅಂದಳಂತೆ, ಎಸ್ಸೆಸ್ಸೆಲ್ಸಿ ಬಲ್ಲ ದೇವತೆಯನ್ನು ನೀವೆಲ್ಲಾದರೂ ಕಂಡಿದ್ದೀರಾ ಅಂದೆ. ಜನ ಬಿದ್ದು ಬಿದ್ದು ನಕ್ಕರು. ನಕ್ಕ ಮೇಲೆ, ಬಾಯಿ ಕಟ್ಟಿದ ಮನಸ್ಸು ಮಾತಾಡಲು ಹೇಗೆ ದೇವರನ್ನು ಹುಡುಕಿಕೊಳ್ಳುತ್ತದೆ ಎಂದು ವಿವರಿಸಿದೆ. ಚಪ್ಪಾಳೆ ಎರಡು ಸಲ ಬಂತು.

ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಹೈಸ್ಕೂಲಿನ ವಿಜ್ಞಾನದ ಮಾಸ್ತರ ಹನುಮಂತ್ರಾಯನಿಗೆ ಮಾರೆಮ್ಮ ಎಂಬ ಅಕ್ಕ ದೇವದುರ್ಗದಲ್ಲಿ ಇದ್ದಾಳೆಂದು ಇಲ್ಲಿ ಯಾರಿಗೆ ಗೊತ್ತು!

ನವೆಂಬರ್ ೯, ಭಾನುವಾರ

ದೇವದುರ್ಗ ಮುಗಿಸಿ ಈಗ ತಾನೇ ಬಂದೆ. ಶಾಲೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡಿದ್ದರು. ಇನ್ನೂರು ಜನ! ನಿಮ್ಮಜ್ಜ ಮಂಗ್ಯಾ ಆಗಿದ್ದನೇನು ಎಂದು ಒಬ್ಬ ಕೇಳಿದ. ನಮ್ಮಜ್ಜ, ನಿಮ್ಮಜ್ಜ, ತಹಶೀಲ್ದಾರರ ಅಜ್ಜ, ಎಲ್ಲರೂ ಒಂದೇ ಗಿಡದಿಂದ ಇಳಿದವರು ಅಂದೆ. ಮುಂದೆ ಕೂತಿದ್ದ ತಹಶೀಲ್ದಾರರೂ ನಕ್ಕರು.

ತಮ್ಮನ ಭಾಷಣ ಒಮ್ಮೆಯಾದರೂ ಕೇಳು ಎಂದು ಅಕ್ಕನಿಗೆ ನಾನೇ ಹೇಳಿಕಳಿಸಿದ್ದೆ. ಮಗಳು ದುರುಗಮ್ಮನನ್ನು ಕರೆದುಕೊಂಡು ಬಂದು ಹೆಂಗಸರ ಸಾಲಿನಲ್ಲಿ ಮುಂದೆಯೇ ಕೂತಳು. ಬರುವಾಗ ನನ್ನ ಗಂಟಲು ಒಣಗಬಾರದೆಂದು ಮಜ್ಜಿಗೆ ತಂದು ವೇದಿಕೆಯ ಅಂಚಿಗೆ ಇಟ್ಟಳು. ಅದೇ ತಾಮ್ರದ ಚೊಂಬು. ನಾಲ್ಕನೇ ಉದಾಹರಣೆ ಬಿಟ್ಟುಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಜನ ಮತ್ತೆ ಆಕಳಿಸತೊಡಗಿದ್ದರು. ಅಕ್ಕನಿಗೆ ಎಲ್ಲಿ ತಿಳಿಯುತ್ತದೆ ಅಂದುಕೊಂಡು ಹೇಳಿಬಿಟ್ಟೆ. ಇಲ್ಲಿ ನಗು ಸ್ವಲ್ಪ ತಡವಾಗಿ ಬಂತು. ಮೊದಲು ಒಬ್ಬರ ಮುಖ ಒಬ್ಬರು ನೋಡಿದರು, ಆಮೇಲೆ ನಕ್ಕರು. ಹಳ್ಳಿ ಕಡೆಯ ಜನ, ಮಾತು ಮುಟ್ಟಲು ಹೊತ್ತು ಬೇಕು.

ಕೊನೆಗೆ ಸನ್ಮಾನ ಬೇರೆ. ಮುದುಕಪ್ಪ, ಅಂದರೆ ಭಾವನ ಅಣ್ಣ, ಭಾವ ತೀರಿದ ಮೇಲೆ ಅಕ್ಕನ ಮನೆಗೆ ಅವನೇ ಹಿರಿಯ, ರುಮಾಲು ಸುತ್ತಿಕೊಂಡು ವೇದಿಕೆಗೆ ಬಂದು ನಾಲ್ಕು ಮಾತಾಡಿ ಎಲೆ, ಅಡಿಕೆ, ಕಾಯಿ ನನ್ನ ಕೈಗಿಟ್ಟ. ಎಂದೂ ನನ್ನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಮನುಷ್ಯ. ವಿಜ್ಞಾನ ಎಂಥವರನ್ನೂ ಮುಟ್ಟುತ್ತದೆ.

ಎಲೆಯನ್ನು ನಾನೂ ಸತ್ತಾರ್ ಸಾಬರೂ ಬಸ್ಸಿನಲ್ಲೇ ಹಾಕಿಕೊಂಡೆವು. ಕಾಯಿ ನಾಳೆ ಚಟ್ನಿಗೆ. ಅಕ್ಕ ಹೇಳದೆ ಕೇಳದೆ ಮೊದಲೇ ಎದ್ದು ಹೋಗಿದ್ದಳು, ಕುರಿ ದೊಡ್ಡಿಗೆ ಬರುವ ಹೊತ್ತು ಇರಬೇಕು. ಗಡಿಬಿಡಿಯಲ್ಲಿ ಮಜ್ಜಿಗೆ ಕುಡಿಯುವುದು ಆಗಲಿಲ್ಲ. ಚೊಂಬು ಮನೆಗೆ ಮುಟ್ಟಿಸು ಎಂದು ಶಾಲೆಯ ಜವಾನನಿಗೆ ಹೇಳಿ ಬಂದೆ.

ನವೆಂಬರ್ ೧೮, ಮಂಗಳವಾರ

ದುರುಗಮ್ಮನ ಕಾಗದ ಬಂದಿದೆ. ಇನ್‌ಲೆಂಡಿನಲ್ಲಿ ಅರ್ಧ ಪುಟ:

"ಮಾಮಾ, ನೀನು ಎಲಿ ತಗೊಂಡಿ ಅಂತ ದೊಡ್ಡಪ್ಪ ಮರುದಿನಾನ ಮಾನ್ವಿಗೆ ಹೋಗಿ ಸಾಬಣ್ಣನ ಮಗನ ಜೋಡಿ ಮಾತು ಮುಗಿಸಿ ಬಂದಾನ. ಶಿವರಾತ್ರಿ ಮುಂದ ನನ್ನ ಮದುವಿ, ಅಕ್ಕಿಕಾಳು. ನನ್ನ ಪರೀಕ್ಷಾ ಎಪ್ರಿಲ್‌ದಾಗ ಅದ. ಅವ್ವ ಯಾರ ಜೋಡಿನೂ ಮಾತಾಡವಲ್ಲಳು. ನೀನರ ಬ್ಯಾಡ ಅಂತಿ ಅಂದ್ಕೊಂಡಿದ್ದೆ."

ನಮ್ಮವರಲ್ಲಿ ಸೋದರಮಾವ ಎಲೆ ತೆಗೆದುಕೊಳ್ಳದೆ ಹುಡುಗಿಯ ಮದುವೆಯ ಮಾತು ಮುಂದೆ ಹೋಗುವುದಿಲ್ಲ. ನಾಲ್ಕು ಜನರೆದುರು ತೆಗೆದುಕೊಂಡನೆಂದರೆ ಒಪ್ಪಿದ ಹಾಗೆ. ಅಮ್ಮನ ಅಪ್ಪಣೆಯೊಂದು ಅಡ್ಡ ಇತ್ತು, ಅದನ್ನು ನಾನೇ ಇನ್ನೂರು ಜನರೆದುರು ನಗಿಸಿ ಕಿತ್ತು ಹಾಕಿದೆ. ಅದಾದ ಹತ್ತು ನಿಮಿಷಕ್ಕೆ ಎಲೆಗೂ ಕೈ ಒಡ್ಡಿದೆ. ಆ ಹುಡುಗಿಗೆ ಇನ್ನೂ ಹದಿನೈದು.

ಆ ಎಲೆ ಸನ್ಮಾನದ್ದು ಅಂದುಕೊಂಡಿದ್ದೆ.

ನವೆಂಬರ್ ೧೯

ದೇವದುರ್ಗಕ್ಕೆ ಹೋಗಬೇಕು. ಶಾಲೆಯಲ್ಲಿ ಕಿರುಪರೀಕ್ಷೆ ಇತ್ತು, ಹೋಗಲಿಲ್ಲ. ರಜೆ ಕೇಳಿದ್ದರೆ ಕೊಡುತ್ತಿದ್ದರು.

ನವೆಂಬರ್ ೨೩, ಭಾನುವಾರ

ಹೋಗಿ ಬಂದೆ. ಮುದುಕಪ್ಪ ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅವನು ಕಂಬಳಿ ಹಾಸಿ ಕೂರಿಸಿದ, ಚಹಾ ತರಿಸಿದ. ಎಲೆ ತೆಗೆದುಕೊಂಡದ್ದು ತಿಳಿಯದೆ ಆದ ತಪ್ಪು ಅಂದೆ. ಹದಿನೆಂಟು ತುಂಬದೆ ಮದುವೆ ಮಾಡುವುದು ಕಾನೂನಿಗೆ ವಿರೋಧ ಅಂದೆ. ಕಾನೂನು ಬಲ್ಲವನು ಎಲೆ ಯಾಕೆ ತೆಗೆದುಕೊಂಡೆ ಎಂದು ಅವನು ಕೇಳಿದ. ಆ ಎಲೆ ಈಗ ಎಲ್ಲಿದೆ ಎಂದೂ ಕೇಳಿದ. ತಿಂದೆ ಅಂದೆ.

"ತಿಂದ ಎಲಿ ತಿರುಗಿ ಬರ್ತದೇನು ಮಾಸ್ತರ?" ಅಂದ. "ಮೂರು ವರ್ಷ ಅಮ್ಮನ ಮಾತು ಅಂತ ನಾ ತಲಿ ಬಾಗಿಸಿದ್ದೆ. ಅಮ್ಮ ಅಲ್ಲ, ಮಾರೆವ್ವನ ಮನಸು ಅಂತ ನೀನ ಹೇಳಿದಿ. ಮಾರೆವ್ವನ ಮಾತಾದ್ರ, ಮನಿ ಹಿರ್ಯಾ ನಾ ಯಾಕ ಕೇಳ್ಲಿ?"

ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ತರ್ಕ ಪೂರಾ ನನ್ನದೇ ಆಗಿತ್ತು.

ಅಕ್ಕ ಹಿತ್ತಲಲ್ಲಿ ಉಣ್ಣೆ ನೂಲುತ್ತಿದ್ದಳು. ಹೋದ ಎರಡು ಮಂಗಳವಾರ ಕೇಳಲು ಒಬ್ಬರೂ ಬಂದಿಲ್ಲವಂತೆ. ನೀರಿಗೆ ಹೋದರೆ ಹೆಂಗಸರು 'ಮಜ್ಜಿಗಿ ಆಯ್ತೇನು' ಎಂದು ನಗುತ್ತಾರಂತೆ. ಇದನ್ನು ಹೇಳಿದ್ದು ದುರುಗಮ್ಮ, ಅಕ್ಕ ಅಲ್ಲ. ನಾನು ಬುದ್ಧಿವಂತಿಕೆ ಮಾಡಲು ಹೋದೆ. ಬರುವ ಮಂಗಳವಾರ ಅಮ್ಮ ಬರಲಿ, ಎಲ್ಲರಿಗಿಂತ ಮೊದಲು ನಾನೇ ಬಂದು ಅಡ್ಡಬೀಳುತ್ತೇನೆ, ತಪ್ಪಾಯಿತು ಅನ್ನುತ್ತೇನೆ, ಮುದುಕಪ್ಪ ಮತ್ತೆ ಹೆದರುತ್ತಾನೆ ಅಂದೆ. ಅಕ್ಕ ಕೈಯಲ್ಲಿನ ನೂಲು ಬಿಡದೆ ಹೇಳಿದಳು:

"ಸುಳ್ಳು ಕೈ ಮುಗಿಬ್ಯಾಡ ತಮ್ಮಾ. ಅಮ್ಮ ಬರವಲ್ಲಳು. ನೀ ಮಂದೀನ ನಗಿಸಿದ ದಿವಸದಿಂದ ಬಂದಿಲ್ಲ. ಮಂಗಳವಾರ ಮಜ್ಜಿಗಿ ಕುಡದು ಕುಂತೆ. ಬರೇ ಮಜ್ಜಿಗಿ ಹೊಟ್ಯಾಗ ಉಳೀತು."

ಚೊಂಬು ಗೋಡೆಗೂಡಿನಲ್ಲಿ ಬೋರಲು ಹಾಕಿತ್ತು.

ಡಿಸೆಂಬರ್ ೭, ಭಾನುವಾರ

ಶಕ್ತಿನಗರದ ಕಾಲೊನಿಯಲ್ಲಿ ಉಪನ್ಯಾಸ. ಎಂಜಿನಿಯರುಗಳು, ಅವರ ಮನೆಯವರು. ನಾಲ್ಕನೇ ಉದಾಹರಣೆ ಇನ್ನು ಎಂದೂ ಹೇಳಬಾರದೆಂದು ಟಿಪ್ಪಣಿಯಲ್ಲಿ ಹೊಡೆದುಹಾಕಿಕೊಂಡೇ ಹೋಗಿದ್ದೆ. ಹೇಳಲಿಲ್ಲ. ಮನಸ್ಸಿನ ಭಾಗ ಸಪ್ಪಗಾಯಿತು. ಕೊನೆಗೆ ಒಬ್ಬರು ಎದ್ದು, ಎಸ್ಸೆಸ್ಸೆಲ್ಸಿ ದೇವತೆಯ ಕಥೆ ಬಹಳ ಚೆನ್ನಾಗಿದೆಯಂತೆ, ನಮಗೇಕೆ ಹೇಳಲಿಲ್ಲ ಎಂದು ಕೇಳಿದರು.

ಹೇಳಿಬಿಟ್ಟೆ. ನಕ್ಕರು.

ಬಸ್ಸಿಗೆ ಕಾಯುವಾಗ ಸತ್ತಾರ್ ಸಾಬ್ ತಮ್ಮ ಯಂತ್ರದ ಪೆಟ್ಟಿಗೆಯ ಮೇಲೆ ಕೂತರು. ಆಮೇಲೆ ಅಂದರು: "ಸಾರ್, ನಾ ಒಂದೊಂದು ರೀಲು ನೂರು ಸಲ ಓಡಿಸೀನಿ. ರೀಲಿನ್ಯಾಗಿನ ಹೆಣ್ಮಗಳಿಗೆ ನೋವಾಗಂಗಿಲ್ರಿ. ನಿಮ್ಮ ರೀಲಿನ್ಯಾಕಿ ಮನ್ಯಾಗ ಕುಂತಾಳ. ದೇವದುರ್ಗದಾಗ ಚೊಂಬು ಇಟ್ಟಾಕಿ ಆಕೀನ ಹೌದಲ್ರಿ?"

ಹೌದು ಅಂದೆ. ಆಮೇಲೆ ಅವರು ಬೀಡಿ ಹಚ್ಚಿದರು. ನಾನು ರಸ್ತೆ ನೋಡುತ್ತಾ ನಿಂತೆ. ಇವತ್ತು ಎಷ್ಟು ಜನ ಬಂದಿದ್ದರೆಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಡಿಸೆಂಬರ್ ೧೩, ಶನಿವಾರ

ಇದನ್ನು ಇಲ್ಲಾದರೂ ಬರೆಯಬೇಕು. ಇಲ್ಲಿ ನನಗೆ ನಾನೇ ಸುಳ್ಳು ಹೇಳಿಕೊಂಡರೆ ಈ ಪುಸ್ತಕ ಇಟ್ಟು ಏನು ಬಂತು?

ಮುದುಕಪ್ಪ ವೇದಿಕೆಯ ಮೇಲೆ 'ನಾಲ್ಕು ಮಾತಾಡಿದ' ಎಂದು ನವೆಂಬರ್ ಒಂಬತ್ತಕ್ಕೆ ಬರೆದಿದ್ದೇನೆ. ಆ ಮಾತುಗಳು ನನಗೆ ಅಕ್ಷರಶಃ ನೆನಪಿವೆ. "ಎಲ್ಲಾರೂ ನೋಡ್ರಿ. ಹುಡುಗಿ ಸೋದರಮಾವನ ಕೈಯಾಗ ಎಲಿ ಇಟ್ಟೀನಿ." ಕೇಳಿದ್ದೆ. ಹುಟ್ಟಿದಾಗಿನಿಂದ ಬಲ್ಲ ಪದ್ಧತಿ, ಮಕ್ಕಳಿಗೂ ಗೊತ್ತಿರುವ ಮಾತು. ಎದುರಿಗೆ ಜನ ಚಪ್ಪಾಳೆ ತಟ್ಟುತ್ತಿದ್ದರು, ತಹಶೀಲ್ದಾರರು ನೋಡುತ್ತಿದ್ದರು. ಈಗ ಕೈ ಹಿಂದೆ ತೆಗೆದರೆ ಸಭೆ ಕೆಡುತ್ತದೆ ಅನ್ನಿಸಿತು. ತೆಗೆದುಕೊಂಡೆ. ಬಸ್ಸು ಹತ್ತುವ ಹೊತ್ತಿಗೆ ಅದನ್ನು ಸನ್ಮಾನ ಮಾಡಿಕೊಂಡಿದ್ದೆ. ಮನಸ್ಸು ಬೇಡವಾದದ್ದನ್ನು ಹೇಗೆ ಮುಚ್ಚಿಡುತ್ತದೆ ಎಂದು ಅವತ್ತೇ ಪಾಠ ಮಾಡಿ ಬಂದವನು ನಾನು.

ಇನ್ನೊಂದಿದೆ. ಉಪನ್ಯಾಸದಲ್ಲಿ ಆ ಹೆಂಗಸಿಗೆ ಮೊದಲ ಸಲ ಅಮ್ಮ ಬಂದದ್ದು ಯಾವಾಗ ಎಂದು ನಾನು ಹೇಳುವುದೇ ಇಲ್ಲ. ನನಗೆ ಏಳು ವರ್ಷ, ಅಕ್ಕನಿಗೆ ಹದಿನಾಲ್ಕು. ಅಪ್ಪ ನನ್ನ ಅಳತೆಗೆ ಬಡಿಗೆ ಕಡಿದು ತಂದಿದ್ದ, ಮರುದಿನದಿಂದ ಕುರಿಯ ಹಿಂದೆ ಹೋಗಬೇಕು. ಅವತ್ತು ಮಂಗಳವಾರ. ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಎದ್ದು ನಡುಗಿದಳು. "ಈ ಕೂಸಿನ ಕೈಯಾಗ ಬಡಿಗಿ ಕೊಡಬ್ಯಾಡ್ರಿ. ಪಾಟಿ ಕೊಡ್ರಿ," ಅಂದಳು. ಅಪ್ಪ ಅವಳ ಕಾಲಿಗೆ ಬಿದ್ದ. ಸೋಮವಾರ ನಾನು ಸ್ಲೇಟು ಹಿಡಿದು ಶಾಲೆಯಲ್ಲಿದ್ದೆ.

ಅವಳ ಕೈಗೆ ಯಾರೂ ಪಾಟಿ ಕೊಡಲಿಲ್ಲ. ಅದನ್ನು ಅಮ್ಮ ಕೇಳಲೂ ಇಲ್ಲ. ಮೂವತ್ತೆರಡು ವರ್ಷದ ನಾನು ಈಗ ಮೇಜಿನ ಮುಂದೆ ಕೂತು ಅಳುತ್ತಿದ್ದೇನೆ, ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

೧೯೮೭ ಜನವರಿ ೪

ಮಾನ್ವಿಯಿಂದ ಕರೆ ಬಂದಿದೆ, ಹದಿನೆಂಟಕ್ಕೆ ಉಪನ್ಯಾಸ. ಹುಡುಗನ ತಂದೆ ಸಾಬಣ್ಣ ಅಲ್ಲಿಯವನು, ಅಂಥ ಸಭೆಗಳಿಗೆ ತಪ್ಪದೆ ಬರುವವನಂತೆ. ಮದುವೆಯ ಸಂತೆಗೆ ಮುದುಕಪ್ಪನ ಮನೆಯವರೂ ಆ ದಿನ ಮಾನ್ವಿಯಲ್ಲಿರುತ್ತಾರೆಂದು ದುರುಗಮ್ಮ ಬರೆದಿದ್ದಾಳೆ. ನನ್ನ ಉಪನ್ಯಾಸಕ್ಕೆ ಬನ್ನಿ ಎಂದು ಮುದುಕಪ್ಪನಿಗೆ ಕಾಗದ ಹಾಕಿದೆ.

ಜನವರಿ ೧೮, ಭಾನುವಾರ
ಮಾನ್ವಿ

ಬಸ್ ನಿಲ್ದಾಣದ ಬೆಂಚಿನ ಮೇಲೆ ಬರೆಯುತ್ತಿದ್ದೇನೆ. ರಾಯಚೂರಿಗೆ ಹೋಗಿ ಬರೆದರೆ ಚಂದ ಮಾಡಿ ಬರೆಯುತ್ತೇನೆ.

ಬೆಳಿಗ್ಗೆ ಸಂತೆಯಲ್ಲಿ ಎಲೆ, ಅಡಿಕೆ, ಕಾಯಿ ತೆಗೆದುಕೊಂಡೆ. ಸತ್ತಾರ್ ಸಾಬ್ ಎಲೆಗಳನ್ನು ಒಂದೊಂದಾಗಿ ನೋಡಿ ಹರಿದವನ್ನು ತೆಗೆಸಿದರು. ಸಭೆಯಲ್ಲಿ ಮುಂದಿನ ಸಾಲಿಗೆ ಸಾಬಣ್ಣ, ಪಕ್ಕದಲ್ಲಿ ಮುದುಕಪ್ಪ. ಹೆಂಗಸರ ಕಡೆ ಅಕ್ಕ, ಸೆರಗು ಹಣೆಯ ತನಕ.

ಸ್ಲೈಡು ಮುಗಿದವು. ಮನಸ್ಸಿನ ಭಾಗ ಬಂತು. ನಾಲ್ಕನೇ ಉದಾಹರಣೆಯನ್ನು ಹೆಸರು ಸಹಿತ ಹೇಳಿದೆ. ಮಾರೆಮ್ಮ, ನನ್ನ ಅಕ್ಕ. ಬಡಿಗೆಯ ಕಥೆ ಹೇಳಿದೆ, ಪಾಟಿಯ ಕಥೆ ಹೇಳಿದೆ. ಆ ಬಾಯಿಂದ ನಾನು ಓದಿದೆ, ಓದಿ ಅದೇ ಬಾಯಿಯನ್ನು ದೇವದುರ್ಗದಲ್ಲಿ ನಗೆಗೀಡು ಮಾಡಿದೆ, ಅದೇ ಕೈಯಿಂದ ಅವಳ ಮಗಳ ಮದುವೆಯ ಎಲೆ ತೆಗೆದುಕೊಂಡೆ ಅಂದೆ. ಯಾರೂ ಆಕಳಿಸಲಿಲ್ಲ. ನಗಲೂ ಇಲ್ಲ. ಕೆಳಗಿಳಿದು ಎಲೆ, ಅಡಿಕೆ, ಕಾಯಿಯನ್ನು ಮುದುಕಪ್ಪನ ಮುಂದೆ ಹಿಡಿದೆ. ತಿಂದದ್ದು ತಿರುಗಿ ಬರುವುದಿಲ್ಲ, ಅದಕ್ಕೇ ಹೊಸದು ತಂದಿದ್ದೇನೆ, ಸೋದರಮಾವ ಒಪ್ಪಿಲ್ಲ ಅಂದೆ.

ಅವನು ಕೈ ಚಾಚಲಿಲ್ಲ. ಎಲೆ ತಿರುಗಿಸುವುದೆಂದರೆ ಮುಖದ ಮೇಲೆ ಹೊಡೆದ ಹಾಗೆ, ಅದೂ ಬೀಗನ ಎದುರಿಗೆ. ಅವನ ಮುಖ ಕಪ್ಪಿಟ್ಟಿತು. ನನ್ನ ಕೈ ಹಾಗೇ ಇತ್ತು. ಕಾಯಿ ಇಷ್ಟು ಭಾರ ಇರುತ್ತದೆಂದು ತಿಳಿದಿರಲಿಲ್ಲ.

ಸಾಬಣ್ಣ ಎದ್ದ. ನನ್ನನ್ನಲ್ಲ, ಸಭೆಯನ್ನು ಕೇಳಿದ ಹಾಗಿತ್ತು ಅವನ ಮಾತು: "ಅಮ್ಮ ಹೇಳಿದ್ದಲ್ಲ ಅಂತೀರಿ. ಆತು. ಹಂಗಾರ ಈ ಮದುವಿ ಬ್ಯಾಡ ಅಂದಾಕಿ ಯಾರು?"

ಅದಕ್ಕೆ ನಾನು ಉತ್ತರ ಕೊಡುವವನಿದ್ದೆ. ಅಷ್ಟರಲ್ಲಿ ಹೆಂಗಸರ ಕಡೆ ಅಕ್ಕ ಎದ್ದು ನಿಂತಳು. ಒಂದು ಕೈಯಿಂದ ಪಕ್ಕದವಳ ಭುಜ ಹಿಡಿದುಕೊಂಡಿದ್ದಳು.

"ನಾನು," ಅಂದಳು. "ಮೈಮ್ಯಾಲ ಯಾರೂ ಬಂದಿಲ್ಲ. ಮಾರೆಮ್ಮ ಮಾತಾಡಾಕತ್ತೀನಿ. ನನ್ನ ಮಗಳು ಸಾಲಿ ಕಲೀಬೇಕು. ಈಗ ಕೊಡಂಗಿಲ್ಲ."

ಮಂಗಳವಾರದ ದನಿ ನನಗೆ ಗೊತ್ತು, ಓಣಿಯ ಆ ತುದಿಗೆ ಕೇಳುತ್ತದೆ. ಇವತ್ತಿನದು ಎರಡನೇ ಸಾಲಿಗೂ ಸರಿಯಾಗಿ ಮುಟ್ಟಿರಲಿಕ್ಕಿಲ್ಲ. ಸಾಬಣ್ಣನಿಗೆ ಕೇಳಿಸಿತು. ಅವನು ಸ್ವಲ್ಪ ಹೊತ್ತು ಅವಳನ್ನು ನೋಡಿ, ಮುದುಕಪ್ಪನ ಕಡೆ ತಿರುಗಿದ.

"ದೇವ್ರು ಬ್ಯಾಡ ಅಂದಿದ್ರ ಕಾಯಿ ಒಡದು ಒಪ್ಪಿಸ್ತಿದ್ದೆ. ಹಡದಾಕಿ ಬ್ಯಾಡ ಅಂದ್ರ ನಾ ಯಾರಿಗೆ ಕಾಯಿ ಒಡೀಲಿ, ಮುದುಕಪ್ಪ? ಇದು ಇಲ್ಲಿಗೇ ಇರ್ಲಿ."

ನನ್ನ ಕೈಯಲ್ಲಿದ್ದ ಎಲೆಯನ್ನು ಅವನೇ ತೆಗೆದುಕೊಂಡ. ಮುದುಕಪ್ಪ ಯಾರನ್ನೂ ನೋಡದೆ ಹೊರಗೆ ಹೋದ. ಅಕ್ಕ ನಿಂತೇ ಇದ್ದಳು. ಕೂರಲು ಮರೆತ ಹಾಗಿತ್ತು.

ಫೆಬ್ರವರಿ ೩, ಮಂಗಳವಾರ
ರಾಯಚೂರು

ಅಕ್ಕ ಇಲ್ಲಿಗೆ ಬಂದು ಹತ್ತು ದಿನವಾಯಿತು. ಮನೆತನದ ಮಾನ ಸಂತೆಯಲ್ಲಿಟ್ಟವಳಿಗೆ ಈ ದೊಡ್ಡಿಯಲ್ಲಿ ಕೆಲಸವಿಲ್ಲ ಎಂದು ಮುದುಕಪ್ಪ ಹೇಳಿದನಂತೆ. ಹದಿನಾರು ವರ್ಷ ಮೇಯಿಸಿದ ಕುರಿಗಳನ್ನು ಬಿಟ್ಟು ಒಂದು ಕಂಬಳಿ, ಒಂದು ಚೊಂಬು ತೆಗೆದುಕೊಂಡು ಬಂದಿದ್ದಾಳೆ. ದುರುಗಮ್ಮ ಪರೀಕ್ಷೆ ಮುಗಿಯುವ ತನಕ ದೇವದುರ್ಗದಲ್ಲೇ, ಅವಳ ಟೀಚರ ಮನೆಯಲ್ಲಿ. ಓದುತ್ತಿದ್ದಾಳಂತೆ. ಅದೊಂದು ಒಳ್ಳೆಯದಾಯಿತು, ಅಷ್ಟನ್ನಾದರೂ ಬರೆದಿಡುತ್ತೇನೆ.

ಅಕ್ಕನಿಗೆ ಇಲ್ಲಿ ಮಾಡಲು ಏನೂ ಇಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುತ್ತಾಳೆ. ನಿನ್ನೆ ನನ್ನನ್ನು ಕೇಳಿದಳು: "ಅಮ್ಮ ಬಂದಾಗ ನನಗ ಯಾರ ಅಂಜಿಕಿನೂ ಇರ್ತಿದ್ದಿಲ್ಲ. ಮಾನ್ವ್ಯಾಗ ಕಾಲು ಗಡಗಡ ನಡಗ್ತಿದ್ವು. ಎರಡೂ ನನ್ನ ಮನಸ ಅಂತಿ. ಹಂಗಾರ ಅಂಜಲಾರದ್ದು ಎಲ್ಲಿಗೆ ಹೋತು ತಮ್ಮಾ?"

ನನ್ನ ಪುಸ್ತಕಗಳಲ್ಲಿ ಇದಕ್ಕೆ ಉತ್ತರ ಇರಬಹುದು. ಹುಡುಕುವ ಧೈರ್ಯ ಆಗಲಿಲ್ಲ. ನಾನು ಕಳೆದೆ ಅಕ್ಕಾ, ನನ್ನಿಂದ ಹೋಯಿತು ಅಂದೆ. ಅಲ್ಲ ಅನ್ನಲಿಲ್ಲ ಅವಳು.

ಇವತ್ತು ಶಾಲೆಯಿಂದ ಬರುವಾಗ ಮೊಸರು ತಂದು ನಾನೇ ಕಡೆದೆ, ಉಪ್ಪು ಹಾಕಿ ಚೊಂಬಿಗೆ ಹೊಯ್ದು ಅವಳ ಮುಂದಿಟ್ಟೆ. ಯಾಕೆ ಇಟ್ಟೆನೋ ನನಗೇ ತಿಳಿಯದು. ಮಂಗಳವಾರ ಎಂಬುದಂತೂ ನೆನಪಿತ್ತು. ಅವಳು ಚೊಂಬು ನೋಡಿದಳು, ನನ್ನನ್ನು ನೋಡಿದಳು, ಮುಟ್ಟಲಿಲ್ಲ.

ಆಗಲೇ ಹಿಂದಿನ ಮನೆಯ ಅನ್ನಮ್ಮ ಬಾಗಿಲಿಗೆ ಬಂದರು. ಎಲ್ಲಿ ಕೇಳಿದ್ದರೋ, ಕೈಯಲ್ಲಿ ನಿಂಬೆಹಣ್ಣು. ಕಣ್ಣು ಊದಿಕೊಂಡಿದ್ದವು. ನನ್ನನ್ನು ದಾಟಿ ಅಕ್ಕನ ಹತ್ತಿರ ಹೋಗಿ, ಮಂಗಳವಾರ ಇಲ್ಲಿ ಅಮ್ಮ ಮಾತಾಡುತ್ತಾಳಂತೆ, ನನ್ನ ಸೊಸೆಯದೊಂದು ಕೇಳಬೇಕಿತ್ತು ಅಂದರು.

"ಅಮ್ಮ ಬರಂಗಿಲ್ಲಬೇ," ಅಂದಳು ಅಕ್ಕ. "ನಾ ಅದೀನಿ. ಹೇಳು."

ಅನ್ನಮ್ಮ ನಿಂಬೆಹಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡರು. ಇರ್ಲಿ ಬಿಡ್ರಿ ಎಂದು ಹೋದರು.

ಅಕ್ಕ ಅವರು ಹೋದ ದಾರಿ ನೋಡಲಿಲ್ಲ. ಚೊಂಬನ್ನು ನನ್ನ ಕಡೆ ಸರಿಸಿದಳು. "ಕುಡಿ. ನಾಳಿ ಭಾಷಣ ಅದ ಅಂದಿಯಲ್ಲ, ಗಂಟಲ ಒಣಗ್ತದ."

ದೇವದುರ್ಗದಲ್ಲಿ ಕುಡಿಯದೆ ಬಿಟ್ಟದ್ದನ್ನು ಇವತ್ತು ಪೂರಾ ಕುಡಿದೆ. ಉಪ್ಪು ನನ್ನ ಕೈಯಿಂದ ಹೆಚ್ಚಾಗಿತ್ತು. ನಾಳೆ ಏನು ಮಾತಾಡಬೇಕೆಂದು ಕೂತು ಯೋಚಿಸುತ್ತಿದ್ದೇನೆ, ಗಂಟಲು ಇನ್ನೂ ಒಣಗಿಯೇ ಇದೆ.